ಖಾಲಿ ಕೂತವಳ ಅಫಿಡವಿಟ್ಟು

ಪಿಯುಸಿ ಮುಗಿಸಿ ಒಂದು ವರ್ಷ ಕಾಲೇಜಿಗೆ ಹೋಗದೆ ಉಳಿಯುವ ಮಕ್ಕಳಲ್ಲಿ ನಮ್ಮ ನಾಡು ಎರಡು ಜಾತಿ ಮಾಡಿದೆ. ಮೊದಲನೆಯದು ಮೇಲ್ಜಾತಿ. ನೀಟ್ ಪರೀಕ್ಷೆಗೆ ಮತ್ತೊಮ್ಮೆ ಕೂರುವವರು ಇದರಲ್ಲಿ ಬರುತ್ತಾರೆ. ಅವರು ಮಾಡುವುದಕ್ಕೆ ಲಾಂಗ್ ಟರ್ಮ್ ಎಂದು ಹೆಸರು. ಒಬ್ಬ ಲಾಂಗ್ ಟರ್ಮ್ ಮನೆಯಲ್ಲಿದ್ದರೆ ಟೀವಿ ಬಂದ್, ಕೇಬಲ್ ಕಟ್, ನೆಂಟರಿಗೆ ಬಾಗಿಲಲ್ಲೇ ಕಾಫಿ. ಸ್ವಂತ ಅಕ್ಕನ ಮದುವೆಗೆ ಧಾರೆಯ ಹೊತ್ತಿಗೆ ಬಂದು, ಅಕ್ಷತೆ ಹಾಕಿ, ಊಟಕ್ಕೂ ನಿಲ್ಲದೆ ಹಾಸ್ಟೆಲಿಗೆ ಓಡಿದ ಹುಡುಗನನ್ನು ಬೀಗರ ಕಡೆಯವರು ಪಂಕ್ತಿಯಲ್ಲಿ ಕೊಂಡಾಡುತ್ತಾರೆ. 2024ರಲ್ಲಿ ದೇಶದಾದ್ಯಂತ ಆ ಪರೀಕ್ಷೆ ಬರೆದವರು 23 ಲಕ್ಷಕ್ಕೂ ಹೆಚ್ಚು, ಎಂಬಿಬಿಎಸ್ ಸೀಟು ಇದ್ದದ್ದು ಒಂದು ಲಕ್ಷದ ಆಸುಪಾಸು. ಉಳಿದ ಲಕ್ಷಾಂತರ ಮಕ್ಕಳು ಏನಾದರು ಎಂದು ಯಾರೂ ಕೇಳುವುದಿಲ್ಲ. ಸೀಟು ಸಿಗದಿದ್ದರೆ ಇನ್ನೊಂದು ಲಾಂಗ್ ಟರ್ಮ್, ಇನ್ನಷ್ಟು ಫೀಸು. ಅದಕ್ಕೆ ತಪಸ್ಸು ಎನ್ನುತ್ತಾರೆ. ಮೇನಕೆ ಬರುವುದಕ್ಕೆ ಮುಂಚೆ ವಿಶ್ವಾಮಿತ್ರನಿಗೂ ಇಷ್ಟು ಮರ್ಯಾದೆ ಸಿಕ್ಕಿರಲಿಕ್ಕಿಲ್ಲ.

ಎರಡನೆಯ ಜಾತಿಯವರು ಚಿತ್ರಕಲೆಯ ಪದವಿಗೆ, ಅಂದರೆ ಬಿವಿಎಗೋ ಬಿಎಫ್‌ಎಗೋ ಸೇರಲು ಒಂದು ವರ್ಷ ತಯಾರಿ ಮಾಡುವವರು. ಇವರ ತಾಯಂದಿರನ್ನು ಕೇಳಿ ನೋಡಿ. ಧ್ವನಿ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. "ಈ ವರ್ಷ ಮನೇಲೇ ಇದ್ದಾಳೆ." ಕೇಳಿದವರು ಮೈಗೆ ಹುಷಾರಿಲ್ಲವೇನೋ ಎಂದುಕೊಂಡು ಹಣ್ಣು ತಂದುಕೊಟ್ಟು ಹೋದದ್ದೂ ಉಂಟು.

ನಮ್ಮ ದಾವಣಗೆರೆಯ ವಿಷಯ ಹೇಳುತ್ತೇನೆ. ಇಲ್ಲಿನ ದೃಶ್ಯಕಲಾ ಮಹಾವಿದ್ಯಾಲಯ ಶುರುವಾದದ್ದು 1964ರಲ್ಲಿ. ಜೆಜೆಎಂ ವೈದ್ಯಕೀಯ ಕಾಲೇಜು ಶುರುವಾದದ್ದು 1965ರಲ್ಲಿ. ಲೆಕ್ಕದ ಪ್ರಕಾರ ಈ ಊರು ಸ್ಟೆತಾಸ್ಕೋಪಿಗಿಂತ ಒಂದು ವರ್ಷ ಮೊದಲು ಕುಂಚ ಹಿಡಿದಿದೆ. ಈಗ ಬಸ್‌ ಸ್ಟ್ಯಾಂಡಿನಲ್ಲಿ ಇಳಿದು ಆಟೋ ಹತ್ತಿ "ಜೆಜೆಎಂ" ಅನ್ನಿ, ಮೀಟರ್ ಹಾಕದೆ ರೇಟು ಹೇಳಿ ಕರೆದೊಯ್ಯುತ್ತಾರೆ. "ಚಿತ್ರಕಲಾ ಕಾಲೇಜು" ಅನ್ನಿ. "ಯಾವ ಟಾಕೀಸ್ ಹತ್ರ ಬರುತ್ತೆ ಸಾರ್?"

ಇಂಥ ಊರಿನಲ್ಲಿ, ನಮ್ಮ ಬೀದಿಯ ಒಂದು ಹುಡುಗಿ ಸೈನ್ಸಿನಲ್ಲಿ ತೊಂಬತ್ತು ಚಿಲ್ಲರೆ ಪರ್ಸೆಂಟ್ ತೆಗೆದ ಮೇಲೂ ಚಿತ್ರಕಲೆ ಓದುತ್ತೇನೆ ಎಂದಳು. ಬರೀ ಓದುತ್ತೇನೆ ಎಂದಿದ್ದರೆ ಮನೆಯವರು ಎರಡು ದಿನ ಅತ್ತು ಸುಮ್ಮನಾಗುತ್ತಿದ್ದರು. ಅದಕ್ಕೆ ಒಂದು ವರ್ಷ ತಯಾರಿ ಬೇಕು ಎಂದಳು. ಬರೋಡಾಕ್ಕೂ ಶಾಂತಿನಿಕೇತನಕ್ಕೂ ಅರ್ಜಿ ಹಾಕುತ್ತೇನೆ, ಬೆಂಗಳೂರಿನ ಚಿತ್ರಕಲಾ ಪರಿಷತ್ತು, ಮೈಸೂರಿನ ಕಾವಾ ಕೂಡ ನೋಡುತ್ತೇನೆ, ಆದರೆ ಕೈ ಇನ್ನೂ ಪಳಗಿಲ್ಲ ಎಂದಳು. ಅಲ್ಲಿಗೆ ನೆಂಟರ ಸಹನೆ ಮುಗಿಯಿತು.

ಚಿಕ್ಕಪ್ಪ ಕೋರ್ಟಿನ ಧಾಟಿಯಲ್ಲಿ ವಾದ ಮಂಡಿಸಿದರು: "ಕಲೆ ಅನ್ನೋದು ದೇವರು ಕೊಟ್ಟಿದ್ದು. ಇದ್ರೆ ತಯಾರಿ ಯಾಕೆ? ತಯಾರಿ ಬೇಕು ಅಂದ್ರೆ ಅದು ಇಲ್ಲ ಅಂತ ಅರ್ಥ." ಅವರ ಸ್ವಂತ ಮಗ ಎರಡನೇ ಲಾಂಗ್ ಟರ್ಮಿನಲ್ಲಿದ್ದ. ವೈದ್ಯವಿದ್ಯೆಯನ್ನು ದೇವರು ಕೊಡುವುದಿಲ್ಲವಂತೆ, ಕೋಚಿಂಗ್ ಸೆಂಟರಿನವರು ಕೊಡುತ್ತಾರಂತೆ. ಈ ತರ್ಕವನ್ನು ಮುರಿಯುವುದು ಯಾರಿಂದಲೂ ಆಗಲಿಲ್ಲ. ನನ್ನಿಂದಂತೂ ಆಗಲಿಲ್ಲ.

ಹಾಗಾದರೆ ಆ ಹುಡುಗಿ ವರ್ಷವಿಡೀ ಏನು ಮಾಡುತ್ತಾಳೆ? ಇದನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು, ಯಾಕೆಂದರೆ ನಮ್ಮ ಬೀದಿಯಲ್ಲಿ ಇದನ್ನು ಯಾರೂ ಕೇಳಿಲ್ಲ.

ಬೆಳಗಾಗುತ್ತಲೇ ಅಡುಗೆಮನೆಗೆ ಹೋಗಿ ಒಂದು ಸ್ಟೀಲ್ ಲೋಟ, ಒಂದು ಕಂಚಿನ ಚೊಂಬು, ಎರಡು ಈರುಳ್ಳಿ ತಂದು ಮಣೆಯ ಮೇಲೆ ಜೋಡಿಸುತ್ತಾಳೆ. ಹಿಂದೆ ಅಮ್ಮನ ಹಳೇ ಸೀರೆಯನ್ನು ನೆರಿಗೆ ಬೀಳುವ ಹಾಗೆ ಇಳಿಬಿಡುತ್ತಾಳೆ. ಕೈ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲಿನಿಂದ ಚೊಂಬಿನ ಎತ್ತರ ಅಳೆಯುತ್ತಾಳೆ. ಲೋಟದ ಬಾಯಿ ಗುಂಡಗಿದೆ ಎಂದು ತಲೆ ಹೇಳುತ್ತದೆ. ಕೂತ ಜಾಗದಿಂದ ನೋಡಿದರೆ ಕಣ್ಣಿಗೆ ಕಾಣುವುದು ಚಪ್ಪಟೆಯಾದ ಮೊಟ್ಟೆಯ ಆಕಾರ. ತಲೆ ಬಿಡುವುದಿಲ್ಲ, ಗುಂಡಗೇ ಬರೆ ಎಂದು ಕೈಯನ್ನು ಎಳೆಯುತ್ತದೆ. ಈ ಜಗಳದಲ್ಲಿ ಕಣ್ಣು ಗೆಲ್ಲಲು ತಿಂಗಳುಗಳು ಬೇಕು. ಸ್ಟೀಲ್ ಲೋಟದ ಮೇಲೆ ಬಿದ್ದ ಕಿಟಕಿಯ ಬೆಳಕು, ಅದರೊಳಗೆ ಡೊಂಕಾಗಿ ಕಾಣುವ ಈರುಳ್ಳಿ, ಎಲ್ಲಕ್ಕಿಂತ ಕಪ್ಪಾದ ನೆರಳು ಯಾವುದು ಎಂಬ ತೀರ್ಮಾನ, ಇಷ್ಟನ್ನೂ ಎಚ್‌ಬಿಯಿಂದ 6ಬಿಯವರೆಗಿನ ನಾಲ್ಕು ಪೆನ್ಸಿಲಿನಲ್ಲಿ ಮುಗಿಸಬೇಕು. ಅಷ್ಟರಲ್ಲಿ ಅಮ್ಮ ಬಂದು ಈರುಳ್ಳಿ ಎತ್ತಿಕೊಂಡು ಹೋಗುತ್ತಾಳೆ. ಸಾರಿಗೆ ಬೇಕು. ಚಿತ್ರಕಾರ ಸೆಜಾನ್ ಸೇಬು ಬರೆಯುವಾಗ ಅವನ ಹೆಂಡತಿ ಏನು ಮಾಡುತ್ತಿದ್ದಳೋ, ಆ ವಿಷಯದಲ್ಲಿ ಕಲೆಯ ಇತಿಹಾಸಕಾರರು ಮೌನ ವಹಿಸಿದ್ದಾರೆ.

ಮಧ್ಯಾಹ್ನ ತಾತನ ಸರದಿ. ಊಟವಾದ ಮೇಲೆ ಈಸಿಚೇರಿನಲ್ಲಿ ಬಾಯಿ ತೆರೆದು ಮಲಗುವ ತಾತನಿಗಿಂತ ಒಳ್ಳೆಯ ಮಾಡೆಲ್ ದಾವಣಗೆರೆಯಲ್ಲಿ ಸಿಗುವುದಿಲ್ಲ. ಅಲುಗುವುದಿಲ್ಲ, ಬಾಡಿಗೆ ಕೇಳುವುದಿಲ್ಲ, ಮೂಗು ಸರಿಯಾಗಿ ಬಂದಿಲ್ಲ ಎಂದು ದೂರುವುದಿಲ್ಲ. ಎದ್ದ ಮೇಲೆ ಮಾತ್ರ ಒಂದು ಪ್ರಶ್ನೆ: "ಫೋಟೋ ತೆಗೀಬಹುದಿತ್ತಲ್ಲ ಮಗ?"

ಸಂಜೆ ಅವಳು ಮಂಡಕ್ಕಿ ಭಟ್ಟಿಗೆ ಹೋಗುತ್ತಾಳೆ. ದಾವಣಗೆರೆಯವರು ಮಂಡಕ್ಕಿ ತಿನ್ನುತ್ತಾರೆ, ಮಿರ್ಚಿ ಜೊತೆಗೆ ತಿನ್ನುತ್ತಾರೆ, ಅದರ ಮೇಲೆ ಭಾಷಣವನ್ನೂ ಮಾಡುತ್ತಾರೆ. ಭಟ್ಟಿಯೊಳಗೆ ಹೋಗಿ ನೋಡಿದವರು ಕಡಿಮೆ. ಒಲೆಯ ಬೆಂಕಿ ಒಂದು ಕಡೆಯಿಂದ, ಬಾಗಿಲಿನ ಬೆಳಕು ಇನ್ನೊಂದು ಕಡೆಯಿಂದ, ನಡುವೆ ಹೊಗೆಯಲ್ಲಿ ಅರ್ಧ ಕರಗಿದ ಆಳುಗಳು. ಇದ್ದಿಲು ಹಿಡಿದು ಕೂತವರಿಗೆ ಇದಕ್ಕಿಂತ ದೊಡ್ಡ ಪಾಠಶಾಲೆ ಇಲ್ಲ. ಕೆಲಸಗಾರ ಒಂದು ಭಂಗಿಯಲ್ಲಿ ನಿಲ್ಲುವುದು ಅರೆಗಳಿಗೆ. ಅಷ್ಟರಲ್ಲಿ ಬೆನ್ನಿನ ಬಾಗು, ಭುಜದ ಭಾರ, ಕಾಲೂರಿದ ಜಾಗ ಕಾಗದಕ್ಕೆ ಬರಬೇಕು. ನೂರಕ್ಕೆ ತೊಂಬತ್ತು ಹಾಳೆ ಕಸದ ಬುಟ್ಟಿಗೆ. ಉಳಿದ ಹತ್ತರಲ್ಲಿ ಒಂದು ಪೋರ್ಟ್‌ಫೋಲಿಯೋಗೆ. ರೈಲ್ವೆ ಸ್ಟೇಷನ್ನಿನಲ್ಲಿ ಸ್ಕೆಚ್ ಮಾಡುವಾಗ ಒಬ್ಬ ಪೊಲೀಸಿನವರು ಬಂದು ಪುಸ್ತಕ ಕಸಿದು ಪ್ರತಿ ಪುಟವನ್ನೂ ಪರಿಶೀಲಿಸಿದರು. ಕಡೆಗೆ ತಮ್ಮದೇ ಒಂದು ಚಿತ್ರ ಸಿಕ್ಕಿತು. "ಹೊಟ್ಟೆ ಸ್ವಲ್ಪ ಜಾಸ್ತಿ ಆಯ್ತಮ್ಮ" ಎಂದು ಹೇಳಿ ಬಿಟ್ಟರು. ಒಂದು ವರ್ಷದಲ್ಲಿ ಅವಳಿಗೆ ಸಿಕ್ಕ ಏಕೈಕ ಕಲಾವಿಮರ್ಶೆ ಇದು.

ಪ್ರವೇಶ ಪರೀಕ್ಷೆಯಲ್ಲಿ ಕೇಳುವುದೂ ಇದನ್ನೇ. ಎದುರಿಗಿಟ್ಟದ್ದನ್ನು ನೋಡಿ ಬರೆ, ನೆನಪಿನಿಂದ ಬರೆ, ಕೊಟ್ಟ ವಿಷಯಕ್ಕೊಂದು ಕಂಪೋಜಿಶನ್ ಕಟ್ಟು, ಪೋರ್ಟ್‌ಫೋಲಿಯೋ ಬಿಚ್ಚಿಟ್ಟು ಎದುರು ಕೂತು ಮಾತಾಡು. ನಾಲ್ಕು ಆಯ್ಕೆಯಲ್ಲಿ ಒಂದಕ್ಕೆ ಗುಂಡಿ ತುಂಬುವ ಓಎಂಆರ್ ಹಾಳೆ ಇಲ್ಲಿ ನಡೆಯುವುದಿಲ್ಲ. ಕೀ ಆನ್ಸರ್ ಇಲ್ಲ. ಕೀ ಆನ್ಸರ್ ಇಲ್ಲದ ಪರೀಕ್ಷೆಯನ್ನು ನಮ್ಮವರು ಪರೀಕ್ಷೆ ಎಂದು ಒಪ್ಪುವುದಿಲ್ಲ.

ಚಿತ್ರಕಲೆಗೆ ತಯಾರಿ ಎಂದು ವರ್ಷ ತೆಗೆದುಕೊಂಡವರೆಲ್ಲ ಹೀಗೆ ಬೆವರು ಸುರಿಸುತ್ತಾರೆ ಎಂದೇನೂ ನಾನು ಹೇಳುವುದಿಲ್ಲ. ಇನ್ನೊಂದು ತಳಿಯೂ ಇದೆ. ಮೊದಲ ತಿಂಗಳಿಗೆ ಖಾದಿ ಜೋಳಿಗೆ ಬರುತ್ತದೆ, ಎರಡನೆಯದಕ್ಕೆ ಕೂದಲು ಭುಜಕ್ಕೆ ಬರುತ್ತದೆ, ಮೂರನೆಯದಕ್ಕೆ ಬೆಳಗಿನ ಹನ್ನೊಂದಕ್ಕೆ ಏಳುವ ಅಭ್ಯಾಸ ಬರುತ್ತದೆ. ರೇಖೆಯೊಂದು ಬಿಟ್ಟು ಮಿಕ್ಕಿದ್ದೆಲ್ಲ ಬರುತ್ತದೆ. ಯಾಕಪ್ಪ ಏನೂ ಬರೆದಿಲ್ಲ ಎಂದರೆ "ಕಾನ್ಸೆಪ್ಟ್ ಮಾಡ್ತಿದೀನಿ" ಎನ್ನುತ್ತಾನೆ. ಇಂಥವನಿಗೆ ನೆಂಟರು ಏನೂ ಅನ್ನುವುದಿಲ್ಲ, ಹುಡುಗ ಯೋಚನೆ ಮಾಡುತ್ತಿದ್ದಾನೆ ಎಂದುಕೊಳ್ಳುತ್ತಾರೆ. ಹುಡುಗಿಯ ಬೆರಳಿಗೆ ಇದ್ದಿಲು ಮೆತ್ತಿದ್ದರೆ ಮಾತ್ರ "ಒಲೆ ಹಚ್ಚೋದು ಕಲೀತಿದೀಯಾ?" ಎಂಬ ಜೋಕು.

ಈಗ ಮುಖ್ಯ ವಿಷಯ. ಮನೆಯಲ್ಲಿ ಖಾಲಿ ಕೂತವಳು ಎಂದು ಘೋಷಣೆಯಾದ ದಿನದಿಂದ ಅವಳಿಗೆ ಬಿಡುವಿಲ್ಲ. ಸೋದರತ್ತೆಯ ಗೃಹಪ್ರವೇಶಕ್ಕೆ ಹನ್ನೆರಡು ಅಡಿಯ ರಂಗೋಲಿ. ದೊಡ್ಡಪ್ಪನ ಮಗಳ ಮದುವೆಗೆ ಥರ್ಮಾಕೋಲಿನಲ್ಲಿ ವಧೂವರರ ಹೆಸರು, ಜೊತೆಗೆ ಎರಡು ನವಿಲು. ಚಿಕ್ಕಮ್ಮನ ಮಗ ಏಳನೇ ಕ್ಲಾಸು, ಸೈನ್ಸ್ ಎಕ್ಸಿಬಿಷನ್ನಿಗೆ ಜ್ವಾಲಾಮುಖಿ. ಗಣೇಶನ ಹಬ್ಬಕ್ಕೆ ಬೀದಿಯ ಹುಡುಗರಿಗೆ ಕೈಲಾಸದ ಪರದೆ. ನೆಂಟರೊಬ್ಬರ ತೀರಿಹೋದ ಅಜ್ಜನ ಪಾಸ್‌ಪೋರ್ಟ್ ಸೈಜಿನ ಫೋಟೋ ನೋಡಿ ಮೂರಡಿ ಪೋರ್ಟ್ರೇಟು, ಅದರಲ್ಲೂ ಫೋಟೋದಲ್ಲಿಲ್ಲದ ಜರಿ ಪೇಟ, ಮುಖದ ಮೇಲೆ ಬದುಕಿನಲ್ಲಿ ಎಂದೂ ಇರದಿದ್ದ ಒಂದು ನಗು. ಕೊಡುವುದೇನು? ತಟ್ಟೆಯಲ್ಲಿ ಎಲೆ ಅಡಿಕೆ, ಒಂದು ಬ್ಲೌಸ್ ಪೀಸು, "ಕೈಗೆ ಸರಸ್ವತಿ ಒಲಿದಿದ್ದಾಳೆ" ಎಂಬ ಮಾತು. ಪೆಂಡಾಲಿನವನಿಗೆ, ವಾಲಗದವನಿಗೆ, ಬಡಿಸುವವರಿಗೆ, ಪಾರ್ಕಿಂಗಿನಲ್ಲಿ ಸೀಟಿ ಊದುವವನಿಗೂ ದುಡ್ಡುಂಟು. ನವಿಲು ಬರೆದವಳಿಗೆ ಸರಸ್ವತಿ ಉಂಟು. ಲಕ್ಷ್ಮಿ ಆ ಕಡೆ ತಿರುಗಿಯೂ ನೋಡಿಲ್ಲ.

ಲಾಂಗ್ ಟರ್ಮಿನ ಹುಡುಗನನ್ನು ಕರೆದು ಯಾರಾದರೂ, "ಖಾಲಿ ಇದ್ದೀಯಲ್ಲ, ಅಜ್ಜಿಗೆ ಒಂದು ಇಂಜೆಕ್ಷನ್ ಹಾಕಿಬಿಡು" ಎನ್ನುತ್ತಾರೆಯೇ?

ನೆಂಟರಿಗೆ ಕಲೆಯ ಬಗ್ಗೆ ಗೌರವವಿಲ್ಲ ಎಂದು ತಿಳಿದರೆ ತಪ್ಪಾದೀತು. ಅಪಾರ ಗೌರವವಿದೆ, ಕಲಾವಿದ ಸತ್ತಿರಬೇಕು ಅಷ್ಟೆ. ರಾಜಾ ರವಿವರ್ಮನ ಲಕ್ಷ್ಮಿಗೆ ದಿನವೂ ಊದುಬತ್ತಿ ಬೆಳಗುತ್ತಾರೆ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿ ಮುಂಬೈನ ಜೆಜೆ ಕಲಾಶಾಲೆಯಲ್ಲಿ ಓದಿದ ಕೆ.ಕೆ. ಹೆಬ್ಬಾರರು ಪದ್ಮಭೂಷಣ ಪಡೆದರು ಎಂದರೆ "ನಮ್ಮವರು" ಎಂದು ಎದೆಯುಬ್ಬಿಸುತ್ತಾರೆ. ಮೈಸೂರಿನ ಕೆ. ವೆಂಕಟಪ್ಪನವರನ್ನು ನಾಲ್ವಡಿ ಕೃಷ್ಣರಾಜ ಒಡೆಯರು ಕಲ್ಕತ್ತೆಗೆ ಕಳಿಸಿ ಅವನೀಂದ್ರನಾಥ ಠಾಕೂರರ ಬಳಿ ವರ್ಷಗಟ್ಟಲೆ ಓದಿಸಿದರು ಎಂದು ಕೇಳಿ ತಲೆದೂಗುತ್ತಾರೆ. ಆ ಕಾಲದಲ್ಲಿ ಮಹಾರಾಜರು ಇದ್ದರು. ಈ ಕಾಲದಲ್ಲಿ ಚಿಕ್ಕಪ್ಪ ಇದ್ದಾರೆ.

ಆ ಚಿಕ್ಕಪ್ಪನೇ ಒಂದು ದಿನ ವಾಟ್ಸಾಪ್ ಹಿಡಿದು ಓಡಿಬಂದರು. 2025ರ ಮಾರ್ಚ್ ತಿಂಗಳು. ನ್ಯೂಯಾರ್ಕಿನ ಹರಾಜಿನಲ್ಲಿ ಎಂ.ಎಫ್. ಹುಸೇನರ 'ಗ್ರಾಮ ಯಾತ್ರಾ' ಸುಮಾರು 118 ಕೋಟಿ ರೂಪಾಯಿಗೆ ಹೋಗಿತ್ತು. "ನೋಡು, ಬರೆದ್ರೆ ಇಂಥದ್ದು ಬರೀಬೇಕು. ನೀನು ಈರುಳ್ಳಿ ಬರೀತೀಯ." ಹುಡುಗಿ ತಾಳ್ಮೆಯಿಂದ ಆ ಚಿತ್ರದ ಕಥೆ ಹೇಳಿದಳು. ಮುಂಬೈಯಲ್ಲಿ ಸಿನಿಮಾ ಹೋರ್ಡಿಂಗ್ ಬರೆದು ಹೊಟ್ಟೆ ಹೊರೆದಿದ್ದ ಹುಸೇನರು ಅದನ್ನು ಬರೆದದ್ದು 1954ರಲ್ಲಿ. ಆಗಲೇ ದೆಹಲಿಯಲ್ಲಿ ಅದನ್ನು ಕೊಂಡುಕೊಂಡವನು ನಾರ್ವೆಯಲ್ಲಿ ನೆಲೆಸಿದ್ದ ಒಬ್ಬ ವೈದ್ಯ. ಅವನಿಂದ ಅದು ಓಸ್ಲೋದ ಆಸ್ಪತ್ರೆಗೆ ಸೇರಿ ದಶಕಗಳ ಕಾಲ ಅಲ್ಲೇ ಇತ್ತು. ಹರಾಜಿನ ದುಡ್ಡು ಆ ಆಸ್ಪತ್ರೆಯ ಮೂಲಕ ವೈದ್ಯರ ತರಬೇತಿಗೆ. ಅಂದರೆ ಚಿತ್ರ ಬರೆದವನ ಕೈಯಿಂದ ಡಾಕ್ಟರುಗಳು ಓದುತ್ತಿದ್ದಾರೆ. ಹುಸೇನರು 2011ರಲ್ಲೇ ತೀರಿಕೊಂಡಿದ್ದರು, ಈ 118 ಕೋಟಿಯಲ್ಲಿ ಅವರಿಗೆ ಒಂದು ಕಾಫಿಯೂ ಸಿಗಲಿಲ್ಲ. ಚಿಕ್ಕಪ್ಪ ಎಲ್ಲವನ್ನೂ ಗಮನವಿಟ್ಟು ಕೇಳಿ ಸಾರ ಹಿಡಿದರು: "ನಾನು ಹೇಳಿದ್ದೂ ಅದನ್ನೇ. ಕೊನೆಗೆ ಗೆದ್ದವನು ಡಾಕ್ಟರೇ ತಾನೆ?"

ಅದೇ ತಿಂಗಳ ಕೊನೆಗೆ ಇನ್ನೊಂದು ಅವಾಂತರ. ಮೊಬೈಲಿಗೆ ಫೋಟೋ ಕೊಟ್ಟರೆ ಜಪಾನಿನ ಸ್ಟುಡಿಯೋ ಘಿಬ್ಲಿಯ ಶೈಲಿಯಲ್ಲಿ ಚಿತ್ರ ಮಾಡಿಕೊಡುವ ಹುಚ್ಚು ಊರಿಗೆಲ್ಲ ಹತ್ತಿತು. ಅತ್ತೆಯರು, ಮಾವಂದಿರು, ಅವರ ಸ್ಕೂಟರು, ನಾಯಿ, ಎಲ್ಲವೂ ರಾತ್ರೋರಾತ್ರಿ ದುಂಡು ಕಣ್ಣು ಬಿಟ್ಟವು. "ಎರಡು ನಿಮಿಷದಲ್ಲಿ ಬಂತು ನೋಡಮ್ಮ, ಇದಕ್ಕೆ ವರ್ಷ ಬೇಕಾ?" ಆ ಸ್ಟುಡಿಯೋದ ಹಯಾವೊ ಮಿಯಾಝಾಕಿ ಮತ್ತು ಅವರ ಸಂಗಡಿಗರು ಒಂದೊಂದು ಚೌಕಟ್ಟನ್ನೂ ಕೈಯಲ್ಲಿ ಬರೆಯುತ್ತ ದಶಕಗಳನ್ನೇ ಕಳೆದಿದ್ದಾರೆ ಎಂದು ಹೇಳಹೊರಟ ಹುಡುಗಿ ಅರ್ಧಕ್ಕೆ ಬಿಟ್ಟಳು. ಅತ್ತೆ ಆಗಲೇ ಡಿಪಿ ಬದಲಿಸಿಯಾಗಿತ್ತು.

ಮನೆಯವರು ಕಡೆಗೆ ಸೋತು ರಾಜಿಗೆ ಬಂದರು. ಚಿತ್ರಕಲೆಯೇ ಬೇಕೆಂದರೆ ಆರ್ಕಿಟೆಕ್ಚರ್ ಮಾಡು, ಅದರಲ್ಲೂ ಗೆರೆ ಎಳೆಯಬೇಕಂತೆ. ನಿಫ್ಟ್ ಬರಿ, ಬಟ್ಟೆಯ ಮೇಲೆ ಬರೆಯಬಹುದಂತೆ. ಅನಿಮೇಷನ್ ಮಾಡು, ಬೆಂಗಳೂರಿನಲ್ಲಿ ಕಂಪನಿಗಳಿವೆಯಂತೆ. ಡಿಸೈನ್ ಎಂದರೆ ಮರ್ಯಾದೆ, ಡ್ರಾಯಿಂಗ್ ಎಂದರೆ ಅಯ್ಯೋ ಪಾಪ. ಒಂದಕ್ಕೆ ಸಂಬಳದ ಸ್ಲಿಪ್ಪು ಬರುತ್ತದೆ, ಇನ್ನೊಂದಕ್ಕೆ ಬರುತ್ತದೋ ಇಲ್ಲವೋ. ಈ ಭಯವನ್ನು ನಾನು ಪೂರ್ತಿ ಗೇಲಿ ಮಾಡಲಾರೆ. ಸಾಲ ಮಾಡಿ ಓದಿಸುವ ತಂದೆಗೆ ಆ ಭಯ ಇರಲೇಬೇಕು. ಆದರೆ ಲಾಂಗ್ ಟರ್ಮಿಗೆ ಲಕ್ಷಗಟ್ಟಲೆ ಕಟ್ಟುವಾಗ ಆ ಭಯ ಎಲ್ಲಿ ಅಡಗಿ ಕೂತಿರುತ್ತದೆ ಎಂಬುದು ಮಾತ್ರ ನನಗೆ ಅರ್ಥವಾಗಿಲ್ಲ.

ಮದುವೆ ದಲ್ಲಾಳಿಯೊಬ್ಬರು ಮುಂದಾಲೋಚನೆಯಿಂದ ಒಂದು ಸಲಹೆ ಕೊಟ್ಟರು: ಬಯೋಡಾಟಾದಲ್ಲಿ ಬಿವಿಎ ಎಂದು ಸಣ್ಣ ಅಕ್ಷರದಲ್ಲಿ ಹಾಕಿ, ಗಂಡಿನ ಕಡೆಯವರು ಬಿಬಿಎ ಎಂದು ಓದಿಕೊಳ್ಳುತ್ತಾರೆ.

ಇಷ್ಟಾದ ಮೇಲೆ, ಲಾಂಗ್ ಟರ್ಮಿನ ಮಹಿಮೆ ಕಂಡು, ಚಿತ್ರಕಲೆಗೂ ಕೋಚಿಂಗ್ ಹುಟ್ಟಿಕೊಳ್ಳದೆ ಇರುತ್ತದೆಯೇ? ಬೆಂಗಳೂರಿನಲ್ಲಿ ಒಂದು ಕಡೆ ಅವಳನ್ನು ಸೇರಿಸಲು ತಂದೆ ಕರೆದುಕೊಂಡು ಹೋದರು. ಏಸಿ ರೂಮು, ಗೋಡೆಯ ಮೇಲೆ ಹಿಂದಿನ ವರ್ಷ ಸೀಟು ಗಿಟ್ಟಿಸಿದವರ ಭಾವಚಿತ್ರಗಳು. ಚಿತ್ರಗಳು ಯಾಕಿಲ್ಲ ಎಂದು ಹುಡುಗಿ ಕೇಳಿದಳು. ಕೌನ್ಸೆಲರ್ ಮಾತು ತಿರುಗಿಸಿ ಕೋರ್ಸಿನ ವಿವರ ಕೊಟ್ಟರು: ಮೊದಲ ತಿಂಗಳು ಬೇಸಿಕ್ಸ್, ಎರಡನೇ ತಿಂಗಳು ಕ್ರಿಯೇಟಿವಿಟಿ, ಮೂರನೇ ತಿಂಗಳು ಒರಿಜಿನಾಲಿಟಿ, ಕೊನೆಗೆ ರೆಡಿ ಪೋರ್ಟ್‌ಫೋಲಿಯೋ. ಮಾದರಿಗೆ ನಾಲ್ಕು ಪೋರ್ಟ್‌ಫೋಲಿಯೋ ತೋರಿಸಿದರು. ನಾಲ್ಕರಲ್ಲೂ ಅರ್ಧ ಮುಖ ಹೆಣ್ಣು ಅರ್ಧ ಮರ. ನಾಲ್ಕರಲ್ಲೂ ಕಣ್ಣೀರು ಜಿನುಗುವ ಒಂದೇ ಕಣ್ಣು. ನಾಲ್ಕರಲ್ಲೂ ಸುಕ್ಕುಗಟ್ಟಿದ ರಾಜಸ್ಥಾನಿ ಮುದುಕ, ಪೇಟದ ಬಣ್ಣ ಮಾತ್ರ ಬೇರೆ ಬೇರೆ. ಇಂಟರ್‌ವ್ಯೂನಲ್ಲಿ ಕೂರುವ ಮೇಷ್ಟ್ರುಗಳ ಮುಂದೆ ಪ್ರತಿ ಜೂನಿನಲ್ಲಿ ಈ ಮುದುಕ ಎಷ್ಟು ಸಲ ಹಾಜರಾಗುತ್ತಾನೋ! ತಾನು ಎಂದೂ ಕಾಣದ ರಾಜಸ್ಥಾನದ ಮುದುಕನನ್ನು ಫೋಟೋ ನೋಡಿ ಬರೆಯುವುದಕ್ಕೆ ಫೀಸು ಕೊಡಬೇಕು, ಮನೆಯ ಈಸಿಚೇರಿನಲ್ಲಿ ಮಲಗಿದ ತಾತನನ್ನು ಬರೆಯುವುದು ಪುಕ್ಕಟೆ. ಹುಡುಗಿ ಪುಕ್ಕಟೆಯದನ್ನೇ ಆರಿಸಿಕೊಂಡಳು. ತಂದೆಗೆ ಆ ದಿನ ಮೊದಲ ಬಾರಿಗೆ ಮಗಳ ಬುದ್ಧಿಯ ಮೇಲೆ ನಂಬಿಕೆ ಬಂತು. ಅವರು ಕಿರಾಣಿ ವ್ಯಾಪಾರಿ.

ಅಷ್ಟಕ್ಕೂ ಈ ಒಂದು ವರ್ಷ ಬೇಕಾದದ್ದಾದರೂ ಯಾಕೆ? ಹತ್ತು ವರ್ಷದ ಶಾಲೆಯಲ್ಲಿ ಅವಳ ಟೈಮ್‌ಟೇಬಲ್ಲಿನಲ್ಲಿ ವಾರಕ್ಕೊಂದು ಡ್ರಾಯಿಂಗ್ ಪೀರಿಯಡ್ ಇತ್ತು. ಅದು ಇದ್ದದ್ದು ಗಣಿತದ ಮೇಷ್ಟ್ರಿಗೆ ಪೋರ್ಷನ್ ಮುಗಿಸಲು. ಲೋಯರ್, ಹೈಯರ್ ಗ್ರೇಡ್ ಪರೀಕ್ಷೆಗಳನ್ನು ಅವಳು ಭಾನುವಾರಗಳಲ್ಲಿ ಕಲಿತು ಪಾಸು ಮಾಡಿದಳು. ಪಿಯುಸಿಯ ಎರಡು ವರ್ಷ ಪೆನ್ಸಿಲ್ ಹಿಡಿದದ್ದು ಬಯಾಲಜಿ ರೆಕಾರ್ಡಿನ ಕಪ್ಪೆಗೆ ಮಾತ್ರ. ಹನ್ನೆರಡು ವರ್ಷ ಸಾಲವಾಗಿ ಉಳಿದದ್ದನ್ನು ಒಂದೇ ವರ್ಷದಲ್ಲಿ ತೀರಿಸುತ್ತಿರುವ ಹುಡುಗಿಗೆ ಆ ಸಾಲ ಬಾಕಿ ಉಳಿಸಿಕೊಂಡವರೇ ಕಾಲಹರಣದ ಆಪಾದನೆ ಹೊರಿಸುತ್ತಾರೆ.

ಕಡೆಗೆ ಅರ್ಜಿ ಹಾಕುವ ಕಾಲ ಬಂತು. ದಾಖಲೆಗಳ ಪಟ್ಟಿಯಲ್ಲಿ ಒಂದು ಸಾಲು: ಗ್ಯಾಪ್ ಸರ್ಟಿಫಿಕೇಟ್. ಓದಿನಲ್ಲಿ ಒಂದು ವರ್ಷ ಬಿಡುವಾಗಿದ್ದರೆ ಛಾಪಾ ಕಾಗದದ ಮೇಲೆ ಅಫಿಡವಿಟ್ಟು ಮಾಡಿಸಿ ನೋಟರಿಯ ಮುದ್ರೆ ಹಾಕಿಸಿ ತರಬೇಕು. ಕೋರ್ಟಿನ ಹೊರಗೆ ಮರದ ಕೆಳಗಿನ ಟೈಪಿಸ್ಟ್ ಬಳಿ ಅದರ ಅಚ್ಚು ಸಿದ್ಧವಾಗಿಯೇ ಇರುತ್ತದೆ, ಹೆಸರು ತುಂಬಿದರೆ ಸಾಕು. ಸದರಿ ಶೈಕ್ಷಣಿಕ ವರ್ಷದಲ್ಲಿ ತಾನು ಯಾವುದೇ ಶಾಲಾ ಕಾಲೇಜಿಗೆ ಸೇರಿರುವುದಿಲ್ಲ, ಯಾವುದೇ ಉದ್ಯೋಗ ಮಾಡಿರುವುದಿಲ್ಲ, ಯಾವುದೇ ಕಾನೂನುಬಾಹಿರ ಚಟುವಟಿಕೆಯಲ್ಲಿ ಭಾಗಿಯಾಗಿರುವುದಿಲ್ಲ ಎಂದು ಸತ್ಯ ಪ್ರಮಾಣ.

"ಚಿತ್ರ ಬರೆದೆ ಅಂತ ಒಂದು ಸಾಲು ಸೇರಿಸಬಹುದಾ ಸಾರ್?" ಎಂದು ಹುಡುಗಿ ಕೇಳಿದಳು.

ಟೈಪಿಸ್ಟ್ ಕನ್ನಡಕದ ಮೇಲಿನಿಂದ ನೋಡಿದರು. "ಫಾರ್ಮ್ಯಾಟಲ್ಲಿ ಇಲ್ಲಮ್ಮ. ಇಲ್ಲಿ ಏನು ಮಾಡಿಲ್ಲ ಅಂತ ಬರೀಬೇಕು, ಏನು ಮಾಡಿದೀಯ ಅಂತ ಅಲ್ಲ. ಮಾಡಿದ್ದು ಬರೆದ್ರೆ ವಾಪಸ್ ಕಳಿಸ್ತಾರೆ."

ಕಸದ ಬುಟ್ಟಿ ಸೇರಿದ ನೂರಾರು ಹಾಳೆ, ಸೋದರತ್ತೆಯ ರಂಗೋಲಿ, ಎರಡು ನವಿಲು, ಒಂದು ಜ್ವಾಲಾಮುಖಿ, ಕೈಲಾಸ ಪರ್ವತ, ಅಜ್ಜನ ನಗು, ಎಲ್ಲವನ್ನೂ ಬಿಟ್ಟು ತಾನೇನೂ ಮಾಡಿಲ್ಲ ಎಂದು ಅವಳು ಸಹಿ ಹಾಕಿದಳು. ಸಾಕ್ಷಿ ಹಾಕಿದವರು ಚಿಕ್ಕಪ್ಪ. ಆ ಮಾತಿಗೆ ಅವರಿಗಿಂತ ನಿಷ್ಠಾವಂತ ಸಾಕ್ಷಿ ಸಿಗುವುದು ಕಷ್ಟ. ಅವರ ಮಗನೂ ಅದೇ ಸಾಲಿನಲ್ಲಿ ನಿಂತು, ಲಾಂಗ್ ಟರ್ಮಿಗೆ ಕಟ್ಟಿದ ಲಕ್ಷಗಳನ್ನೆಲ್ಲ ಮರೆತು, ಅದೇ ಅಚ್ಚಿನ ಮೇಲೆ ತಾನೂ ಏನೂ ಮಾಡಿಲ್ಲ ಎಂದು ಸಹಿ ಹಾಕಿದ. ಸರ್ಕಾರದ ಕಾಗದದ ಮೇಲಾದರೂ ಎರಡು ಜಾತಿ ಒಂದಾದವು.

ಸೋದರತ್ತೆಯರಿಗೆ, ಚಿಕ್ಕಪ್ಪಂದಿರಿಗೆ, ಗಣೇಶನ ಸಮಿತಿಯ ಅಧ್ಯಕ್ಷರಿಗೆ ನನ್ನದೊಂದು ಮನವಿ. ನಿಮ್ಮ ಬೀದಿಯಲ್ಲೂ ಇಂಥ ಒಬ್ಬಳೋ ಒಬ್ಬನೋ ಈ ವರ್ಷ ಮನೆಯಲ್ಲಿ ಇರಬಹುದು. ಬುದ್ಧಿ ಹೇಳಬೇಡಿ, ಹೊಗಳಲೂ ಬೇಡಿ. ನವಿಲು ಬೇಕೆಂದರೆ ರೇಟು ಕೇಳಿ, ಚೌಕಾಸಿ ಮಾಡದೆ ಅರ್ಧ ಮುಂಗಡ ಕೊಡಿ. ಒಳ್ಳೆಯ ಕಾಗದ ಈಗ ಬಲು ದುಬಾರಿ.